ಲೆಪಿಡೊಡೆಂಡ್ರಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಮೇಲೆ ಅಂಗೈ ಅಗಲದ ಒಂದು ಕಪ್ಪು ಕಲ್ಲಿದೆ. ಅದರ ಮೈತುಂಬ ಒಂದೇ ಅಳತೆಯ ವಜ್ರಾಕಾರದ ಗುರುತುಗಳು, ಓರೆ ಸಾಲಿನಲ್ಲಿ. ಮನೆಗೆ ಬಂದವರು ಕೂತ ಮೇಲೆ ಅದನ್ನು ಎತ್ತಿಕೊಳ್ಳುತ್ತಾರೆ, ತಿರುಗಿಸಿ ನೋಡುತ್ತಾರೆ, ಆಮೇಲೆ ಪ್ರಶ್ನೆಗಳು ಶುರು. ಕೇಳಿದ್ದನ್ನೇ ಎಲ್ಲರೂ ಕೇಳುವುದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಹಾವಿನ ಚರ್ಮ ಅಲ್ವಾ?

ಅಲ್ಲ, ಲೆಪಿಡೊಡೆಂಡ್ರಾನ್ ಎಂಬ ಅಳಿದುಹೋದ ಮರದ ತೊಗಟೆ, ಕಲ್ಲಾಗಿ ಉಳಿದದ್ದು. ಆದರೆ ಹಾಗೆ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ. 19ನೇ ಶತಮಾನದಲ್ಲಿ ಇಂಥ ಕಲ್ಲುಗಳನ್ನು ದೈತ್ಯ ಹಾವಿನದ್ದು, ಹಲ್ಲಿಯದ್ದು ಎಂದು ಜಾತ್ರೆಗಳಲ್ಲಿ ತೋರಿಸಿದವರಿದ್ದಾರೆ. ಒಂದೊಂದು ವಜ್ರವೂ ಒಂದು ಎಲೆ ಕೂತಿದ್ದ ಜಾಗ. ಎಲೆ ಉದುರಿತು, ಅದರ ಬುಡದ ದಿಂಬು ಮಾತ್ರ ಕಾಂಡಕ್ಕೆ ಅಂಟಿಕೊಂಡು ಉಳಿಯಿತು. ಹಿತ್ತಲಿನ ಪಪ್ಪಾಯಿ ಗಿಡದ ಕಾಂಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಉದುರಿದ ಪ್ರತಿ ಎಲೆಯೂ ಅಲ್ಲಿ ಒಂದು ಕಲೆ ಬಿಟ್ಟು ಹೋಗಿರುತ್ತದೆ. ಅದೇ ಲೆಕ್ಕ, ಆದರೆ ಇಲ್ಲಿ ಕಲೆಗಳು ಒಂದಕ್ಕೊಂದು ಒತ್ತಿಕೊಂಡಿವೆ, ಹಲಸಿನ ಹಣ್ಣಿನ ಮೈಯ ಹಾಗೆ.

ಭೂತಗನ್ನಡಿ ಹಿಡಿದರೆ ವಜ್ರದೊಳಗೆ ಇನ್ನೊಂದು ಸಣ್ಣ ಗುರುತು ಕಾಣುತ್ತದೆ. ಎಲೆ ಕಳಚಿಕೊಂಡ ಜಾಗ ಅದು. ಅದರೊಳಗೆ ಸಾಲಾಗಿ ಮೂರು ಚುಕ್ಕೆ. ನಡುವಿನದ್ದು ಎಲೆಗೆ ನೀರು ಹೋಗುತ್ತಿದ್ದ ನಾಳ. ಅಕ್ಕಪಕ್ಕದ ಎರಡು ಗಾಳಿಯಾಡುವ ಮೆತ್ತನೆಯ ಎಳೆಗಳದ್ದು. ಮೂವತ್ತು ಕೋಟಿ ವರ್ಷ ಹಳೆಯ ನೀರಿನ ಪೈಪಿನ ತುದಿ ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣುತ್ತದಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಹೆಸರು ಇಷ್ಟು ಉದ್ದ ಯಾಕೆ? ಯಾರು ಇಟ್ಟಿದ್ದು?

ಗ್ರೀಕ್‌ನಲ್ಲಿ ಲೆಪಿಸ್ ಎಂದರೆ ಮೀನು, ಹಾವುಗಳ ಮೈಮೇಲಿನ ಹುರುಪೆ. ಡೆಂಡ್ರಾನ್ ಎಂದರೆ ಮರ. ಹುರುಪೆ ಮರ, ಅಷ್ಟೇ. 1820ರಲ್ಲಿ ಈ ಹೆಸರು ಕೊಟ್ಟವರು ಬೊಹೀಮಿಯಾದ ಕಾಸ್ಪರ್ ಮರಿಯಾ ಫಾನ್ ಸ್ಟೆರ್ನ್‌ಬರ್ಗ್. ಪ್ರಾಗ್‌ನ ರಾಷ್ಟ್ರೀಯ ವಸ್ತು ಸಂಗ್ರಹಾಲಯ ಕಟ್ಟಿದವರಲ್ಲಿ ಇವರು ಮುಖ್ಯರು.

ಯಾವ ಕಾಲದ್ದು? ಎಲ್ಲಿ ಬೆಳೆಯುತ್ತಿತ್ತು?

ಕಾರ್ಬೊನಿಫೆರಸ್ ಕಾಲದ್ದು. ಅಂದರೆ ಸುಮಾರು 35.9 ಕೋಟಿಯಿಂದ 29.9 ಕೋಟಿ ವರ್ಷಗಳ ಹಿಂದಿನ ಅವಧಿ. ಇಂದಿನ ಬ್ರಿಟನ್, ಜರ್ಮನಿ, ಪೋಲೆಂಡ್, ಉಕ್ರೇನ್, ಅಮೆರಿಕದ ಅಪಲೇಚಿಯ ಮತ್ತು ಇಲಿನಾಯ್ ಆಗ ಭೂಮಧ್ಯರೇಖೆಯ ಆಸುಪಾಸಿನಲ್ಲಿದ್ದವು. ಬಿಸಿಲು, ಮಳೆ, ಮೊಣಕಾಲುದ್ದ ಕೆಸರು. ವರ್ಷವಿಡೀ ನೀರು ನಿಲ್ಲುವ ಆ ಜೌಗಿನಲ್ಲೇ ಈ ಮರಗಳ ಕಾಡು. ಯುರೋಪು, ಅಮೆರಿಕದ ದೊಡ್ಡ ಕಲ್ಲಿದ್ದಲು ಪದರಗಳಲ್ಲಿ ಬಹುಪಾಲು ಇವೇ ಮರಗಳು ಮತ್ತು ಇವುಗಳ ಬಂಧುಗಳು ಕೊಳೆಯದೆ ಉಳಿದು ಒತ್ತಿಕೊಂಡದ್ದು.

ನೋಡೋಕೆ ಹೇಗಿತ್ತು?

ಎಳೆಯದಾಗಿದ್ದಾಗ ಒಂದು ಕಂಬ, ತುದಿಯಲ್ಲಿ ಹುಲ್ಲಿನಂಥ ಎಲೆಗಳ ಜುಟ್ಟು. ಬಾಟಲಿ ತೊಳೆಯುವ ಬ್ರಷ್ ನೆಟ್ಟಗೆ ನಿಲ್ಲಿಸಿದ ಹಾಗೆ. ರೆಂಬೆ ಇಲ್ಲ, ನೆರಳೂ ಇಲ್ಲ. ಬೆಳೆದು ಕೊನೆಯ ಹಂತಕ್ಕೆ ಬಂದ ಮೇಲೆ ತುದಿ ಎರಡಾಗಿ ಕವಲೊಡೆಯುತ್ತಿತ್ತು. ಆ ಎರಡು ಮತ್ತೆ ಎರಡೆರಡಾಗಿ. ಹೀಗೆ ಮೇಲೆ ಒಂದು ಕೊಡೆ. ಕವಲೊಡೆದಷ್ಟೂ ರೆಂಬೆ ಸಣಕಲಾಗುತ್ತಿತ್ತು, ಕೊನೆಗೆ ಬೆಳೆಯಲು ಏನೂ ಉಳಿಯುತ್ತಿರಲಿಲ್ಲ.

ಎತ್ತರ 30 ಮೀಟರ್ ದಾಟುತ್ತಿತ್ತು. ಹತ್ತು ಮಹಡಿ ಕಟ್ಟಡ ಅಂದುಕೊಳ್ಳಿ. ಬುಡದ ಅಗಲ ಒಂದು ಮೀಟರಿಗೂ ಜಾಸ್ತಿ.

ಅಷ್ಟು ದೊಡ್ಡ ಮರ, ಕಟ್ಟಿಗೆ ಎಷ್ಟು ಸಿಗುತ್ತಿತ್ತು?

ಏನೂ ಸಿಗುತ್ತಿರಲಿಲ್ಲ ಅನ್ನಬಹುದು. ನನ್ನ ಪ್ರಕಾರ ಈ ಮರದ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು ಅಂದರೆ ಅದು ಇದೇ. ತೇಗ, ಮಾವು, ಹೊನ್ನೆ ಕಡಿದರೆ ಒಳಗೆಲ್ಲ ಕಟ್ಟಿಗೆ, ಹೊರಗೆ ತೆಳುವಾದ ತೊಗಟೆ. ಲೆಪಿಡೊಡೆಂಡ್ರಾನ್ ಪೂರ್ತಿ ತಿರುಗುಮುರುಗು. ನಡುವೆ ಬಾಳೆದಿಂಡಿನ ಹಾಗೆ ಒಂದು ತೆಳ್ಳನೆಯ ದಿಂಡು, ಅದರಲ್ಲಷ್ಟೇ ಕಟ್ಟಿಗೆ. ಸುತ್ತ ಮೆತ್ತನೆಯ ಬೆಂಡು. ಅದರಾಚೆ ದಪ್ಪ, ಗಟ್ಟಿ ತೊಗಟೆ. ಮರವನ್ನು ಎತ್ತಿ ಹಿಡಿದಿದ್ದು ತೊಗಟೆಯೇ. ಕಬ್ಬಿಣದ ಸರಳನ್ನೂ ಅಷ್ಟೇ ತೂಕದ ಕೊಳವೆಯನ್ನೂ ಬಗ್ಗಿಸಿ ನೋಡಿದವರಿಗೆ ಗೊತ್ತು, ಕೊಳವೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಲ ಇರುವುದು ಹೊರಸುತ್ತಿನಲ್ಲಿ.

ಇಲ್ಲೂ ಪಪ್ಪಾಯಿ ಗಿಡ ಕೆಲಸಕ್ಕೆ ಬರುತ್ತದೆ. ಮಳೆಗಾಳಿಗೆ ಬಿದ್ದ ಪಪ್ಪಾಯಿಯನ್ನು ಕತ್ತಿಯಲ್ಲಿ ಒಂದೇ ಏಟಿಗೆ ತುಂಡು ಮಾಡಬಹುದು. ಒಳಗೆ ಟೊಳ್ಳು, ಒಲೆಗೂ ಆಗಲ್ಲ. ಹಾಗಂತ ಇವೆರಡೂ ನೆಂಟರಲ್ಲ. ಪಪ್ಪಾಯಿ ಹೂಬಿಡುವ ಗಿಡ, ಕೋಟಿಗಟ್ಟಲೆ ವರ್ಷ ಆಮೇಲೆ ಬಂದದ್ದು. ಬೇಗ ಎತ್ತರಕ್ಕೆ ಹೋಗಬೇಕು, ಕಟ್ಟಿಗೆಗೆ ಖರ್ಚು ಮಾಡಬಾರದು ಎಂಬ ಬುದ್ಧಿ ಮಾತ್ರ ಇಬ್ಬರದ್ದೂ ಒಂದೇ.

ಮರ ಸತ್ತ ಮೇಲೆ ಏನಾಗುತ್ತಿತ್ತು ಎಂಬುದೂ ಇದರಿಂದಲೇ ತಿಳಿಯುತ್ತದೆ. ಮೆತ್ತನೆಯ ಒಳಭಾಗ ಬೇಗ ಕೊಳೆತು ಹೋಗುತ್ತಿತ್ತು. ಗಟ್ಟಿ ತೊಗಟೆ ಕೊಳವೆಯಾಗಿ ನಿಂತಿರುತ್ತಿತ್ತು. ಪ್ರವಾಹ ಬಂದಾಗ ಅದರೊಳಗೆ ಮರಳು, ಕೆಸರು ತುಂಬಿಕೊಂಡು ಕಲ್ಲಾಗುತ್ತಿತ್ತು. ಇಂದು ಸಿಗುವ ನಿಂತ ಬುಡಗಳಲ್ಲಿ ಹೆಚ್ಚಿನವು ಹೀಗೆ ಅಚ್ಚಿಗೆ ಹೊಯ್ದಂತೆ ಆದವು.

ಪುಸ್ತಕದಲ್ಲಿ ಒಂದೇ ಮರಕ್ಕೆ ನಾಲ್ಕೈದು ಹೆಸರು ಇರುತ್ತದಲ್ಲ, ಯಾವುದು ಸರಿ?

ಎಲ್ಲವೂ ಸರಿ, ತಲೆನೋವು ಅದೇ. ಇಡೀ ಮರ ಒಟ್ಟಿಗೆ ಸಿಗುವುದೇ ಇಲ್ಲ. ಒಂದು ಕಡೆ ತೊಗಟೆ, ಇನ್ನೊಂದು ಕಡೆ ಬೇರು, ಮತ್ತೆಲ್ಲೋ ಎಲೆ. ಸಿಕ್ಕ ಸಿಕ್ಕ ತುಂಡಿಗೆ ಬೇರೆ ಬೇರೆಯವರು ಹೆಸರಿಟ್ಟರು. ಬೇರಿಗೆ ಸ್ಟಿಗ್ಮೇರಿಯ. ಉದುರಿದ ಎಲೆಗೆ ಲೆಪಿಡೊಫಿಲ್ಲಾಯ್ಡಿಸ್. ಬೀಜಾಣು ಹೊರುವ ತೆನೆಗೆ ಲೆಪಿಡೊಸ್ಟ್ರೋಬಸ್. ತೊಗಟೆಯ ಹೊರಪದರ ಕಳಚಿ ವಜ್ರದ ಗುರುತು ಅಳಿಸಿಹೋದ ಕಾಂಡಕ್ಕೆ ನೋರಿಯ. ಲೆಪಿಡೊಡೆಂಡ್ರಾನ್ ಎಂಬುದೂ ಮೊದಲಿಗೆ ತೊಗಟೆಯ ಹೆಸರೇ. ಇವೆಲ್ಲ ಒಂದೇ ಬಗೆಯ ಮರದ ಭಾಗಗಳು ಎಂದು ತಿಳಿಯುವಷ್ಟರಲ್ಲಿ ಹೆಸರುಗಳು ಬೇರೂರಿದ್ದವು. ಒಂದೇ ಬೇರಿನ ಹೆಸರಿಗೆ ಹಲವು ಬಗೆಯ ಮರಗಳೂ ಸೇರಿಕೊಂಡಿವೆ. ಹಾಗಾಗಿ ಹೆಸರುಗಳನ್ನು ಬಿಡಲೂ ಆಗುವುದಿಲ್ಲ.

ಸಿಜಿಲ್ಲೇರಿಯ ಅಂದರೂ ಇದೇನಾ?

ಅಲ್ಲ, ಅದು ದಾಯಾದಿ. ಅದರಲ್ಲಿ ಎಲೆ ಕಲೆಗಳು ಮೇಲಿಂದ ಕೆಳಕ್ಕೆ ನೇರ ಸಾಲಿನಲ್ಲಿರುತ್ತವೆ, ಮೊಹರು ಒತ್ತಿದ ಹಾಗೆ. ವಜ್ರಗಳು ಎತ್ತರಕ್ಕಿಂತ ಅಗಲ ಜಾಸ್ತಿ ಇದ್ದರೆ ಅದು ಲೆಪಿಡೊಫ್ಲೋಯೋಸ್ ಎಂಬ ಇನ್ನೊಂದು.

ಹೂವಿಲ್ಲ, ಬೀಜವಿಲ್ಲ. ಮತ್ತೆ ಮರಿ ಹೇಗೆ?

ಬೀಜಾಣುಗಳಿಂದ. ಜರೀಗಿಡದ ಎಲೆ ಹಿಂದೆ ಕಂದು ಪುಡಿ ನೋಡಿರುತ್ತೀರಿ, ಆ ಜಾತಿಯದ್ದು. ಈ ಮರದಲ್ಲಿ ಅವು ರೆಂಬೆ ತುದಿಯ ತೆನೆಗಳಲ್ಲಿ ಇರುತ್ತಿದ್ದವು. ಎರಡು ಬಗೆ: ಗಂಡಿನವು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ, ಹೆಣ್ಣಿನವು ದೊಡ್ಡವು. ಕೆಲವು ಹೆಣ್ಣು ಬೀಜಾಣುಗಳು ರಾಗಿಕಾಳಿನಷ್ಟು. ಗಾಳಿ, ನೀರು ಎರಡೂ ಸಾಗಿಸುತ್ತಿದ್ದವು. ಗರ್ಭ ಕಟ್ಟಲು ತೇವ ಬೇಕೇಬೇಕು. ಜೌಗಿನಲ್ಲಿ ಅದಕ್ಕೇನು ಕೊರತೆ!

ಹತ್ತಿರದ ಕೆಲವು ಬಂಧುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದವು. ಒಂದೇ ದೊಡ್ಡ ಹೆಣ್ಣು ಬೀಜಾಣುವನ್ನು ಎಲೆಯಂಥ ಹೊದಿಕೆಯಲ್ಲಿ ಸುತ್ತಿ ಇಡೀ ಪೊಟ್ಟಣವನ್ನೇ ಉದುರಿಸುತ್ತಿದ್ದವು. ಲೆಪಿಡೊಕಾರ್ಪನ್ ಎಂದು ಅದಕ್ಕೆ ಹೆಸರು. ಬೀಜ ಅಲ್ಲ, ಆದರೆ ಬೀಜದ ಕೆಲಸವನ್ನು ಬಹುಪಾಲು ಮಾಡುತ್ತಿತ್ತು.

ಒಂದೇ ಸಲ ಫಲ ಬಿಟ್ಟು ಸಾಯುತ್ತಿತ್ತಂತೆ, ನಿಜವಾ?

ಈ ಗುಂಪಿನ ಕೆಲವು ಮರಗಳು ಹಾಗಿದ್ದವು ಎಂದು ತಿಳಿದವರು ಹೇಳುತ್ತಾರೆ. ತುದಿ ಕವಲೊಡೆದು ಕೊಡೆಯಾದಾಗಲೇ ತೆನೆ, ಆಮೇಲೆ ಸಾವು. ನಮ್ಮ ಕಡೆ ಶ್ರೀತಾಳೆ ಮರ ಜೀವಮಾನಕ್ಕೆ ಒಮ್ಮೆ ಹೂ ಬಿಟ್ಟು ಒಣಗುತ್ತದಲ್ಲ, ಬಿದಿರೂ ಹಾಗೆಯೇ. ಎಲ್ಲವೂ ಅದೇ ದಾರಿಯವಲ್ಲ. ಪಕ್ಕದ ಸಣ್ಣ ರೆಂಬೆಗಳಲ್ಲಿ ವರ್ಷ ವರ್ಷ ತೆನೆ ಬಿಟ್ಟು ಆ ರೆಂಬೆಗಳನ್ನೇ ಉದುರಿಸುತ್ತಿದ್ದ ಬಂಧುಗಳೂ ಇದ್ದವು.

ಇದರ ಜೊತೆಗೆ "ಹತ್ತು ಹದಿನೈದು ವರ್ಷದಲ್ಲಿ ಪೂರ್ತಿ ಎತ್ತರ" ಎಂಬ ಮಾತೂ ಓಡಾಡುತ್ತದೆ. ಅದನ್ನು ಸ್ವಲ್ಪ ಹಿಡಿದು ನಂಬಿ. ಇಂದಿನ ಗಿಡಗಳು ಎಲೆಯಲ್ಲಿ ಎಷ್ಟು ಆಹಾರ ಮಾಡಬಲ್ಲವು ಎಂದು ಲೆಕ್ಕ ಹಾಕಿ, ಅಷ್ಟು ಬೇಗ ಅಷ್ಟು ದೊಡ್ಡ ಮರ ಆಗಲು ಸಾಧ್ಯವಿಲ್ಲ ಎಂದು 2016ರಲ್ಲಿ ಇಬ್ಬರು ಸಂಶೋಧಕರು ತಕರಾರು ತೆಗೆದಿದ್ದಾರೆ. ನನಗೆ ಆ ತಕರಾರು ಸರಿ ಅನ್ನಿಸುತ್ತದೆ. ವರ್ಷದ ಉಂಗುರಗಳಿದ್ದರೆ ಎಣಿಸಿಬಿಡಬಹುದಿತ್ತು. ಇರುವ ಚೂರು ಕಟ್ಟಿಗೆಯಲ್ಲಿ ಅವೂ ಇಲ್ಲ.

ನಿಂತಲ್ಲೇ ಕಲ್ಲಾದ ಮರ ಎಲ್ಲಾದರೂ ನೋಡಬಹುದಾ?

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲಿನ ವಿಕ್ಟೋರಿಯ ಪಾರ್ಕ್‌ನಲ್ಲಿ 1887ರಲ್ಲಿ ದಾರಿ ಮಾಡಲು ಹಳೆಯ ಕಲ್ಲುಗಣಿಯನ್ನು ಅಗೆಯುವಾಗ ಹನ್ನೊಂದು ಬುಡಗಳು ಸಿಕ್ಕವು. ಬೇರು ಹರಡಿಕೊಂಡು, ಬೆಳೆದ ಜಾಗದಲ್ಲೇ. ಪುಣ್ಯಕ್ಕೆ ಕಿತ್ತು ಸಾಗಿಸಲಿಲ್ಲ, ಸುತ್ತ ಗೋಡೆ, ಮೇಲೆ ಸೂರು ಕಟ್ಟಿ ಅಲ್ಲೇ ಉಳಿಸಿಕೊಂಡರು. ಫಾಸಿಲ್ ಗ್ರೋವ್ ಎಂದು ಹೆಸರು.

ಕೆನಡಾದ ಜಾಗಿನ್ಸ್ ಕಡಲ ಬಂಡೆಗಳಲ್ಲೂ ನಿಂತ ಬುಡಗಳಿವೆ. ಅವು ಹೆಚ್ಚಾಗಿ ದಾಯಾದಿ ಸಿಜಿಲ್ಲೇರಿಯ. ಆ ಟೊಳ್ಳು ಬುಡಗಳ ಒಳಗೆ ವಿಲಿಯಂ ಡಾಸನ್ ಎಂಬುವವರಿಗೆ 1850ರ ದಶಕದಲ್ಲಿ ಸಣ್ಣ ಪ್ರಾಣಿಗಳ ಮೂಳೆ ಸಿಕ್ಕವು. ಅದರಲ್ಲಿ ಹೈಲೋನಮಸ್ ಎಂಬ ಹಲ್ಲಿಯಂಥದ್ದೂ ಒಂದು. ಬಹಳ ಕಾಲ ಅದನ್ನೇ ಅತಿ ಹಳೆಯ ಸರೀಸೃಪ ಎಂದು ಎಣಿಸುತ್ತಿದ್ದರು. 2008ರಲ್ಲಿ ಜಾಗಿನ್ಸ್ ವಿಶ್ವ ಪರಂಪರೆಯ ತಾಣವಾಯಿತು.

ಗಣಿ ಕೆಲಸದವರು ಈ ಮರಕ್ಕೆ ಹೆದರುತ್ತಿದ್ದರು ಅಂತ ಕೇಳಿದ್ದೆ. ಸತ್ತ ಮರಕ್ಕೆ ಯಾಕೆ ಹೆದರಿಕೆ?

ಹೆದರಲೇಬೇಕು. ಕಲ್ಲಿದ್ದಲು ಪದರ ಅಂದರೆ ಹಳೆಯ ಕಾಡಿನ ನೆಲ. ಅದನ್ನು ಅಗೆದು ತೆಗೆದ ಮೇಲೆ ಗಣಿಯ ಚಾವಣಿಯಲ್ಲಿ ಉಳಿಯುವುದು ಆ ನೆಲದ ಮೇಲೆ ನಿಂತಿದ್ದ ಬುಡಗಳು. ಒಳಗೆ ತುಂಬಿದ ಕೆಸರು ಕಲ್ಲಾಗಿದೆ, ಸುತ್ತಲಿನ ತೊಗಟೆ ತೆಳುವಾದ ಕಲ್ಲಿದ್ದಲಾಗಿ ನುಣುಪಾಗಿದೆ. ಬುಡ ಕೆಳಗೆ ಅಗಲ, ಮೇಲೆ ಕಿರಿದು. ಅದನ್ನು ಹಿಡಿದುಕೊಳ್ಳುವುದು ಏನೂ ಇಲ್ಲ. ಕೆಳಗಿನ ಕಲ್ಲಿದ್ದಲು ತೆಗೆದರೆ ಸಡಿಲವಾದ ಬಿರಡೆಯ ಹಾಗೆ ಸರಕ್ಕನೆ ಜಾರುತ್ತದೆ. ಸದ್ದಿಲ್ಲ, ಮುನ್ಸೂಚನೆ ಇಲ್ಲ. ಕೆಳಗಿಂದ ನೋಡಿದರೆ ಚಾವಣಿಯಲ್ಲಿ ಒಂದು ದುಂಡನೆಯ ಗೆರೆ ಮಾತ್ರ ಕಾಣುತ್ತದೆ. ಅಮೆರಿಕದ ಗಣಿಗಳಲ್ಲಿ ಇದಕ್ಕೆ ಕೆಟಲ್ ಬಾಟಮ್ ಅನ್ನುತ್ತಾರೆ, ಪಾತ್ರೆಯ ತಳ ಎಂಬ ಅರ್ಥ. ಇದು ತಲೆ ಮೇಲೆ ಬಿದ್ದು ಸತ್ತವರಿದ್ದಾರೆ.

ತೊಗಟೆಯ ಗುರುತು ನೋಡಿ ಒಳಗಿನ ದಿಂಡು, ಬೆಂಡು ಎಲ್ಲ ಹೇಗೆ ಗೊತ್ತಾಯಿತು?

ಕೋಲ್ ಬಾಲ್‌ಗಳಿಂದ. ಕೆಲವು ಜೌಗುಗಳಲ್ಲಿ ಸುಣ್ಣದ ಅಂಶದ ನೀರು ಸಸ್ಯಭಾಗಗಳೊಳಗೆ ಇಳಿದು, ಅವು ಚಪ್ಪಟೆಯಾಗುವ ಮೊದಲೇ ಗಟ್ಟಿಯಾಯಿತು. ಕಲ್ಲಿದ್ದಲಿನ ನಡುವೆ ಅವು ಉಂಡೆಗಳಾಗಿ ಸಿಗುತ್ತವೆ. ಗಣಿಯವರಿಗೆ ಅದು ಕಸ, ಉರಿಯುವುದಿಲ್ಲ. ಸಸ್ಯ ಓದುವವರಿಗೆ ಚಿನ್ನ.

ಓದುವ ವಿಧಾನವೂ ಚೆನ್ನಾಗಿದೆ. ಉಂಡೆಯನ್ನು ಕುಯ್ದು ಮುಖವನ್ನು ನುಣ್ಣಗೆ ಉಜ್ಜುತ್ತಾರೆ. ತೆಳು ಆಸಿಡ್‌ನಲ್ಲಿ ಕೆಲವು ಸೆಕೆಂಡು ಅದ್ದುತ್ತಾರೆ. ಸುಣ್ಣ ಕರಗುತ್ತದೆ, ಕೋಶಗಳ ಗೋಡೆ ಮಾತ್ರ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಮೇಲೆ ಅಸಿಟೋನ್ ಸುರಿದು ತೆಳ್ಳನೆಯ ಅಸಿಟೇಟ್ ಹಾಳೆ ಹಾಸುತ್ತಾರೆ. ಒಣಗಿದ ಮೇಲೆ ಕಿತ್ತರೆ ಕೋಶದ ಪದರ ಹಾಳೆಗೆ ಅಂಟಿಕೊಂಡು ಬರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುವುದು. ಮತ್ತೆ ಉಜ್ಜಿ, ಮತ್ತೊಂದು ಪದರ.

ಈ ಉಂಡೆಗಳ ಮೇಲೆ ಆರಂಭದಲ್ಲಿ ಒಳ್ಳೆಯ ಕೆಲಸ ಮಾಡಿದವರಲ್ಲಿ ಮೇರಿ ಸ್ಟೋಪ್ಸ್ ಒಬ್ಬರು. ಹೌದು, ಸಂತಾನ ನಿಯಂತ್ರಣದ ಪ್ರಚಾರದಿಂದ ಹೆಸರಾದ ಅದೇ ಸ್ಟೋಪ್ಸ್. ಅದಕ್ಕೂ ಮೊದಲು ಅವರು ಪಳೆಯುಳಿಕೆ ಸಸ್ಯಗಳ ತಜ್ಞೆ.

ಹಾಗಾದರೆ ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಸುಡುವುದೂ ಇದೇ ಮರವಾ?

ಅಲ್ಲ. ಈ ತಪ್ಪು ಕಲ್ಪನೆ ಬಹಳ ಕಡೆ ಇದೆ. ಪಾಠಪುಸ್ತಕಗಳಲ್ಲಿ ಕಲ್ಲಿದ್ದಲಿನ ಕಾಡು ಎಂದರೆ ಲೆಪಿಡೊಡೆಂಡ್ರಾನ್ ಚಿತ್ರವನ್ನೇ ಹಾಕುತ್ತಾರೆ. ಆದರೆ ಸಿಂಗರೇಣಿ, ತಾಲ್ಚೇರ್, ಝರಿಯಾ ಗಣಿಗಳ ಕಲ್ಲಿದ್ದಲು ಅದರ ನಂತರದ ಪರ್ಮಿಯನ್ ಕಾಲದ್ದು. ಅದರಲ್ಲಿ ಮುಖ್ಯ ಮರ ಗ್ಲಾಸಾಪ್ಟೆರಿಸ್. ಅದು ಬೀಜ ಬಿಡುವ ಮರ, ಒಳಗೆ ಸರಿಯಾದ ಕಟ್ಟಿಗೆಯೂ ಇತ್ತು, ವರ್ಷದ ಉಂಗುರವೂ ಇತ್ತು.

ಯಾಕೆ ಈ ವ್ಯತ್ಯಾಸ ಅಂದರೆ, ಆಗ ಭಾರತ ಗೊಂಡ್ವಾನ ಎಂಬ ದೊಡ್ಡ ನೆಲದ ಭಾಗವಾಗಿ ದಕ್ಷಿಣ ಧ್ರುವದ ಕಡೆ ಇತ್ತು. ಬ್ರಿಟನ್‌ನಲ್ಲಿ ಉಷ್ಣವಲಯದ ಜೌಗು, ಒಡಿಶಾದಲ್ಲಿ ಹಿಮನದಿ! ತಾಲ್ಚೇರ್ ಕಡೆ ಆ ಹಿಮ ತಂದು ಸುರಿದ ಗುಂಡುಕಲ್ಲುಗಳ ಪದರ ಈಗಲೂ ಇದೆ. ಹಿಮ ಕರಗಿದ ಮೇಲೆ ಅಲ್ಲಿ ಬೆಳೆದ ಕಾಡೇ ನಮ್ಮ ಕಲ್ಲಿದ್ದಲು.

ಕರ್ನಾಟಕದಲ್ಲಿ ಈ ಪಳೆಯುಳಿಕೆ ಸಿಗುತ್ತಾ?

ಸಿಗುವುದಿಲ್ಲ. ನಮ್ಮ ಕಲ್ಲುಗಳು ಒಂದೋ ತೀರಾ ಹಳೆಯವು, ಇಲ್ಲಾ ತೀರಾ ಹೊಸವು. ಲಾಲ್‌ಬಾಗ್ ಬಂಡೆ 300 ಕೋಟಿ ವರ್ಷದ್ದು, ಆಗ ನೆಲದ ಮೇಲೆ ಗಿಡವೇ ಇರಲಿಲ್ಲ. ಉತ್ತರದ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ ಲಾವಾ. ನಡುವಿನ ಆ ಕಾಲದ ಪುಟ ನಮ್ಮಲ್ಲಿ ಹರಿದುಹೋಗಿದೆ. ಯಾರಾದರೂ ಬಳ್ಳಾರಿಯಲ್ಲಿ ಸಿಕ್ಕ ಲೆಪಿಡೊಡೆಂಡ್ರಾನ್ ಎಂದು ಮಾರಲು ಬಂದರೆ ಸುಮ್ನೆ ನಕ್ಕು ಕಳಿಸಿ. ದೇಶದೊಳಗೆ ಇದರ ಬಂಧುಗಳು ಸಿಕ್ಕಿರುವುದು ಕಾಶ್ಮೀರ ಮತ್ತು ಸ್ಪಿತಿಯ ಹಿಮಾಲಯದ ಪದರಗಳಲ್ಲಿ.

ಆಗ ಕೊಳೆಸುವ ಅಣಬೆಗಳೇ ಇರಲಿಲ್ಲ, ಅದಕ್ಕೇ ಅಷ್ಟು ಕಲ್ಲಿದ್ದಲು ಅಂತ ವಿಡಿಯೊದಲ್ಲಿ ನೋಡಿದೆ.

ನಾನೂ ನೋಡಿದ್ದೇನೆ, ಒಂದು ಕಾಲಕ್ಕೆ ನಾಲ್ಕು ಜನಕ್ಕೆ ಹೇಳಿಯೂ ಇದ್ದೇನೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುವ ಅಣಬೆಗಳು ತಡವಾಗಿ ಬಂದವು, ಅಲ್ಲಿಯವರೆಗೆ ಮರ ಕೊಳೆಯದೆ ರಾಶಿ ಬಿತ್ತು ಎಂಬ ವಾದ. ಕೇಳಲು ಚೆಂದ. ಆದರೆ ಆ ಜೌಗಿನ ಮುಖ್ಯ ಮರದಲ್ಲಿ ಕಟ್ಟಿಗೆ ಹೆಚ್ಚುಕಡಿಮೆ ಇರಲೇ ಇಲ್ಲ ಎಂದು ಮೇಲೆ ಹೇಳಿದೆನಲ್ಲ. ರಾಶಿ ಬಿದ್ದದ್ದು ಹೆಚ್ಚಾಗಿ ತೊಗಟೆ, ಅದರಲ್ಲಿ ಲಿಗ್ನಿನ್ ಪಾಲು ಅಷ್ಟೊಂದಿಲ್ಲ. ಅಣಬೆ ಬಂದ ಮೇಲೂ ಲೋಕದಲ್ಲಿ ಬೇಕಾದಷ್ಟು ಕಲ್ಲಿದ್ದಲು ಆಗಿದೆ, ನಮ್ಮ ಸಿಂಗರೇಣಿಯದ್ದೂ ಸೇರಿ. ನೀರು ನಿಂತ ಜೌಗು, ಮೆಲ್ಲಗೆ ಕುಸಿಯುತ್ತಾ ಹೋದ ನೆಲ, ಇವೆರಡು ಸಾಕು.

ಡೈನೋಸಾರ್‌ಗಳು ಇದನ್ನು ತಿನ್ನುತ್ತಿದ್ದವಾ?

ಭೇಟಿಯೇ ಆಗಿಲ್ಲ. ಮೊದಲ ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಯುರೋಪು, ಅಮೆರಿಕದ ಈ ಕಾಡುಗಳು ಅದಕ್ಕೂ ಏಳು ಕೋಟಿ ವರ್ಷ ಮೊದಲೇ ಮುಗಿದಿದ್ದವು. ಈ ಮರಗಳ ಕೆಳಗೆ ಓಡಾಡಿದ್ದು ಆರ್ತ್ರೊಪ್ಲೂರ, ಎರಡು ಮೀಟರಿಗೂ ಉದ್ದದ ಸಹಸ್ರಪದಿಯಂಥ ಹುಳ. ಡೈನೋಸಾರ್‌ಗಿಂತ ಅದನ್ನು ಎದುರಿಸುವುದೇ ಕಷ್ಟ ಅನ್ನಿಸುತ್ತದೆ ನನಗೆ.

ಮತ್ತೆ ಯಾಕೆ ಅಳಿಯಿತು?

ನೀರು ಒಣಗಿತು. ಸುಮಾರು 30.5 ಕೋಟಿ ವರ್ಷಗಳ ಹಿಂದೆ ಯುರೋಪು, ಅಮೆರಿಕದ ಹವೆ ಒಣಹವೆಯಾಗುತ್ತಾ ಬಂತು. ದಕ್ಷಿಣದ ಹಿಮ ಬೆಳೆದಾಗ ಕಡಲು ಇಳಿಯುತ್ತಿತ್ತು, ಕರಗಿದಾಗ ಏರುತ್ತಿತ್ತು. ಜೌಗುಗಳು ತುಂಡು ತುಂಡಾದವು. ಜರೀಮರಗಳೂ ಬೀಜದ ಗಿಡಗಳೂ ಜಾಗ ಹಿಡಿದವು. ಚೀನಾದಲ್ಲಿ ಮಾತ್ರ ಜೌಗು ಉಳಿದಿತ್ತು, ಅಲ್ಲಿ ಇದರ ಬಂಧುಮರಗಳು ಪರ್ಮಿಯನ್ ಕೊನೆಯ ಹೊತ್ತಿನವರೆಗೂ ಬಾಳಿದವು. ಬೀಜಾಣು ಗಿಡ ದಡ್ಡ, ಬೀಜದ ಗಿಡ ಜಾಣ, ಹಾಗಾಗಿ ಸೋತಿತು ಎಂದು ಕೆಲವರು ಹೇಳುವುದುಂಟು. ಚೀನಾದ ಲೆಕ್ಕ ನೋಡಿದರೆ ಅದು ಸರಿಹೋಗುವುದಿಲ್ಲ.

ಇಂದಿನ ತೆಂಗು, ಮಾವಿಗೆ ಇದು ಮುತ್ತಜ್ಜನಾ?

ಅಲ್ಲ, ಬೇರೆ ವಂಶ. ಇದರ ಬದುಕಿರುವ ಹತ್ತಿರದ ನೆಂಟ ಐಸೊಯಿಟಿಸ್. ಮಳೆಗಾಲದಲ್ಲಿ ಘಟ್ಟದ ಜಂಬಿಟ್ಟಿಗೆ ಕಲ್ಲುಹಾಸಿನ ಹೊಂಡಗಳಲ್ಲಿ, ಕೆರೆ ಅಂಚಿನ ಒದ್ದೆ ನೆಲದಲ್ಲಿ ಬೆಳೆಯುತ್ತದೆ. ಒಂದು ಗೇಣಿನ ಹಸಿರು ಜುಟ್ಟು, ಎಳೆ ಈರುಳ್ಳಿ ಪೈರಿನ ಹಾಗೆ. ಹುಲ್ಲು ಎಂದುಕೊಂಡು ತುಳಿದು ಹೋಗಿರುತ್ತೇವೆ. ಒಂದು ಎಲೆ ಕಿತ್ತು ಬುಡ ನೋಡಿ. ಅಗಲವಾದ ಬಿಳಿ ಭಾಗದಲ್ಲಿ ಒಂದು ಚೀಲ, ಅದರೊಳಗೆ ಬೀಜಾಣು. ಇನ್ನೂ ಮಜಾ ಅದರ ಬೇರು. ಅಡ್ಡಕ್ಕೆ ಕುಯ್ದರೆ ಒಳಗೆ ಟೊಳ್ಳು, ನೀರಿನ ನಾಳ ಒಂದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಸ್ಟಿಗ್ಮೇರಿಯದ ಸಣ್ಣ ಬೇರುಗಳೂ ಥೇಟ್ ಹಾಗೆಯೇ.

ಇನ್ನೊಂದು ನೆಂಟ ಸೆಲಾಜಿನೆಲ್ಲ. ಒಣಗಿ ಮುಷ್ಟಿ ಕಟ್ಟಿದ ಗಿಡವನ್ನು ಸಂಜೀವಿನಿ ಎಂದು ಮಾರುತ್ತಾರಲ್ಲ, ನೀರಿಗೆ ಹಾಕಿದರೆ ಬಿಚ್ಚಿಕೊಳ್ಳುವುದು, ಅದು ಇದೇ ಕುಲದ್ದು.

ನಿಮ್ಮ ಕಲ್ಲಿನಲ್ಲಿ ಮೇಲು ಕೆಳಗು ಹೇಗೆ ಗೊತ್ತಾಗುತ್ತದೆ?

ವಜ್ರದೊಳಗಿನ ಎಲೆ ಕಲೆ ಸಾಮಾನ್ಯವಾಗಿ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಮೇಲಕ್ಕಿರುತ್ತದೆ. ಅದರಿಂದ ಕೆಳಕ್ಕೆ ಒಂದು ಸಣ್ಣ ಏಣು ಇಳಿಯುತ್ತದೆ. ಅದನ್ನು ಗಮನಿಸದೆ ಎರಡು ವರ್ಷ ನಾನು ಕಲ್ಲನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದೆ. ತೋರಿಸಿಕೊಟ್ಟಿದ್ದು ಭೂತಗನ್ನಡಿ ಹಿಡಿದು ಆಡುತ್ತಿದ್ದ ಅಕ್ಕನ ಮಗಳು, ಏಳನೇ ಕ್ಲಾಸು. "ಮಾಮ, ಎಲ್ಲ ಚುಕ್ಕೆನೂ ಕೆಳಗೆ ಬಿದ್ದುಹೋಗಿದೆ" ಅಂದಳು. ಈಗ ಕಲ್ಲಿನ ಹಿಂದೆ ಸೀಮೆಸುಣ್ಣದಲ್ಲಿ ಒಂದು ಬಾಣದ ಗುರುತು ಹಾಕಿಟ್ಟಿದ್ದೇನೆ.